ತಟ್ಟೆಯ ಅಂಚಿಗೊಂದು ಸೀಬೆ ಹೋಳು

ಕಳೆದ ಮಾಗಿಯಲ್ಲಿ ನಮ್ಮ ಸೋದರತ್ತೆ ಮೂರು ದಿನ ಆಸ್ಪತ್ರೆಯಲ್ಲಿದ್ದರು. ಮೆಟ್ಟಿಲು ಹತ್ತಿದರೆ ಏದುಸಿರು, ಕೂತು ಎದ್ದರೆ ಕಣ್ಣುಕತ್ತಲೆ. ರಕ್ತ ಪರೀಕ್ಷೆಯ ಚೀಟಿ ನೋಡಿದ ವೈದ್ಯರು "ಹಿಮೋಗ್ಲೋಬಿನ್ ತುಂಬಾ ಕಡಿಮೆ ಇದೆಯಲ್ಲಮ್ಮ" ಅಂದರು. ಸುದ್ದಿ ಬಂಧುಬಳಗಕ್ಕೆ ಮುಟ್ಟಿದ್ದೇ ತಡ, ಮಂಚದ ಪಕ್ಕದ ಪುಟ್ಟ ಮೇಜಿನ ಮೇಲೆ ಸೇಬಿನ ಗುಡ್ಡೆ ಬೆಳೆಯತೊಡಗಿತು. ನೋಡಲು ಬಂದವರೆಲ್ಲ ಒಂದೊಂದು ಕಿಲೋ ತಂದರು. ತಂದವರೆಲ್ಲ ಒಂದೇ ಮಾತು ಹೇಳಿದರು: "ತಿನ್ನಿ, ರಕ್ತ ಆಗುತ್ತೆ. ಹೆಚ್ಚಿಟ್ಟರೆ ಕಂದಾಗುತ್ತಲ್ಲ, ಅದೆಲ್ಲಾ ಕಬ್ಬಿಣಾನೇ."

ಮೂರನೆಯ ದಿನ ಸಂಜೆ ಎಲ್ಲರೂ ಹೋದ ಮೇಲೆ ಅತ್ತೆ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು: "ಗೇಟಿನ ಹೊರಗೆ ಸೀಬೆಕಾಯಿ ಗಾಡಿ ನಿಂತಿರುತ್ತೆ ಕಣೋ. ಒಂದು ತಂದುಕೊಡು. ಉಪ್ಪುಖಾರ ಹಾಕಿಸ್ಕೊಂಡು ಬಾ." ಬಾಗಿಲಲ್ಲಿದ್ದ ಅವರ ಮಗಳ ಕಿವಿಗೆ ಅದು ಬಿತ್ತು. "ಈ ಚಳೀಲಿ ಸೀಬೆನಾ? ಕೆಮ್ಮು ಹತ್ಕೊಂಡ್ರೆ ಯಾರಮ್ಮ ನೋಡ್ಕೊಳ್ಳೋರು?" ಅಲ್ಲಿಗೆ ಮಾತು ಮುಗಿಯಿತು. ಸೇಬು ಮೇಜಿನ ಮೇಲೆ ಉಳಿಯಿತು, ಸೀಬೆ ಗಾಡಿಯ ಮೇಲೆ ಉಳಿಯಿತು.

ಕನ್ನಡದಲ್ಲಿ ಈ ಎರಡು ಹೆಸರುಗಳ ನಡುವೆ ಇರುವುದು ಹೆಚ್ಚುಕಡಿಮೆ ಒಂದು ಗುಣಿತದ ಅಂತರ. ನಮ್ಮ ಮರ್ಯಾದೆಯ ಲೆಕ್ಕದಲ್ಲಿ ಮಾತ್ರ ಅದು ಆಕಾಶ ಭೂಮಿಯ ಅಂತರ. ರೋಗಿಯನ್ನು ನೋಡಲು ಸೇಬು, ಮೂಸಂಬಿ, ದಾಳಿಂಬೆ ಹಿಡಿದು ಹೋಗುತ್ತೇವೆ. ಸೀಬೆ ಹಿಡಿದು ಹೋದವರನ್ನು ನಾನು ಇದುವರೆಗೆ ಕಂಡಿಲ್ಲ. ಅದು ಹಿತ್ತಲಿನ ಹಣ್ಣು, ಶಾಲೆಯ ಗೇಟಿನ ಹಣ್ಣು, ಬಸ್ಸಿನ ಕಿಟಕಿಯಿಂದ ಕೈ ಚಾಚಿ ಕೊಳ್ಳುವ ಹಣ್ಣು. ಹೊಗಳಲೇಬೇಕಾಗಿ ಬಂದರೆ "ಬಡವರ ಸೇಬು" ಎನ್ನುತ್ತೇವೆ. ಆ ಹೊಗಳಿಕೆಯಲ್ಲೂ ಮೇಲಿನ ಜಾಗ ಸೇಬಿನದೇ.

ಕಂದು ಬಣ್ಣದ ಮೋಸ

ಮೊದಲು ಸೇಬಿನ ಕಬ್ಬಿಣದ ವಿಚಾರ ಇತ್ಯರ್ಥ ಮಾಡಿಬಿಡೋಣ. ಹೆಚ್ಚಿಟ್ಟ ಸೇಬು ಕಂದಾಗುವುದು ನಿಜ, ಆದರೆ ಅದು ಕಬ್ಬಿಣದ ತುಕ್ಕಲ್ಲ. ಹಣ್ಣಿನ ಜೀವಕೋಶ ಒಡೆದಾಗ ಒಳಗಿನ ಒಂದು ಕಿಣ್ವ, ಗಾಳಿಯ ಆಮ್ಲಜನಕ ಮತ್ತು ಹಣ್ಣಿನಲ್ಲೇ ಇರುವ ಒಗರು ಪದಾರ್ಥಗಳು ಸೇರಿ ಆ ಬಣ್ಣ ಹುಟ್ಟುತ್ತದೆ. ಬದನೆಕಾಯಿ, ಆಲೂಗಡ್ಡೆ, ಬಾಳೆಕಾಯಿ ಹೆಚ್ಚಿದಾಗ ಕಪ್ಪಾಗುವುದಕ್ಕೂ ಇದೇ ಕಾರಣ. 100 ಗ್ರಾಂ ಸೇಬಿನಲ್ಲಿ ಕಬ್ಬಿಣಾಂಶ ಕಾಲು ಮಿಲಿಗ್ರಾಂ ದಾಟುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಲೆಕ್ಕದ ಪ್ರಕಾರ ವಯಸ್ಕ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು. ಅಷ್ಟನ್ನೂ ಸೇಬಿನಿಂದಲೇ ಪಡೆಯುತ್ತೇನೆಂದು ಹಟ ಹಿಡಿದರೆ ಕಡಿಮೆಯೆಂದರೂ ಹನ್ನೊಂದು ಕಿಲೋ ತಿನ್ನಬೇಕಾದೀತು.

ಹಾಗಾದರೆ ಸೀಬೆಯಲ್ಲಿ ಕಬ್ಬಿಣ ತುಂಬಿ ತುಳುಕುತ್ತಿದೆಯೇ? ಇಲ್ಲ. ಅದರ ಕಬ್ಬಿಣವೂ ಸೇಬಿನ ಆಸುಪಾಸಿನಲ್ಲೇ ಇದೆ. ಸೀಬೆಯ ಬಂಡವಾಳ ಬೇರೆ. 100 ಗ್ರಾಂ ಸೀಬೆಯಲ್ಲಿ 200 ಮಿಲಿಗ್ರಾಂಗೂ ಮೀರಿದ ವಿಟಮಿನ್ ಸಿ ಇರುತ್ತದೆ. ಅಷ್ಟೇ ತೂಕದ ಕಿತ್ತಳೆಯಲ್ಲಿ ಇರುವುದು ಸುಮಾರು 50, ಬಾಳೆಹಣ್ಣಿನಲ್ಲಿ 10ಕ್ಕಿಂತ ಕಡಿಮೆ, ಸೇಬಿನಲ್ಲಿ 5ರ ಹತ್ತಿರ. ದಿನಕ್ಕೆ ನಮಗೆ ಬೇಕಾಗಿರುವುದು ಗಂಡಸಿಗೆ 80, ಹೆಂಗಸಿಗೆ 65 ಮಿಲಿಗ್ರಾಂ. ಅಂದರೆ ಅಂಗೈ ತುಂಬುವ ಒಂದು ಸೀಬೆಯ ಅರ್ಧ ತಿಂದರೂ ಆ ದಿನದ ಸಾಲ ತೀರಿತು. ತಳಿ, ಹವೆ, ಹಣ್ಣಿನ ಹದ ಬದಲಾದಂತೆ ಈ ಅಂಕಿ ಏರಿಳಿಯುತ್ತದೆ, ಆದರೆ ಸೇಬಿನ ಮಟ್ಟಕ್ಕೆ ಇಳಿಯುವುದಂತೂ ಇಲ್ಲ. ನಮ್ಮ ನೆಲದಲ್ಲಿ ಸೀಬೆಯ ಎದುರು ನಿಲ್ಲಬಲ್ಲದ್ದು ಬೆಟ್ಟದ ನೆಲ್ಲಿ. ಆದರೆ ನೆಲ್ಲಿಯನ್ನು ಒಂದೆರಡಕ್ಕಿಂತ ಹೆಚ್ಚು ಕಚ್ಚಿ ತಿನ್ನುವ ಧೈರ್ಯ ಎಷ್ಟು ಮಂದಿಗಿದೆ? ಸೀಬೆಯನ್ನು ಮಕ್ಕಳು ಕೇಳಿ ತಿನ್ನುತ್ತಾರೆ, ಕದ್ದೂ ತಿನ್ನುತ್ತಾರೆ.

ಅಂಜದೀವಿನಿಂದ ಹೊರಟ ಹಡಗು

ಸೀಬೆ ನಮ್ಮದೇ ಎನ್ನಿಸುವಷ್ಟು ನಮ್ಮ ಹಿತ್ತಲಿಗೆ ಒಗ್ಗಿಹೋಗಿದೆ. ಅದರ ತವರು ಮಾತ್ರ ಅಮೆರಿಕ ಖಂಡದ ಉಷ್ಣವಲಯ. ಪೆರು ದೇಶದ ಕರಾವಳಿಯ ಪುರಾತನ ನೆಲೆಗಳ ಉತ್ಖನನದಲ್ಲಿ ಸಾವಿರಾರು ವರ್ಷ ಹಳೆಯ ಸೀಬೆಯ ಕುರುಹುಗಳು ಸಿಕ್ಕಿವೆ. ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳು ಕರೆಯುತ್ತಿದ್ದ ಹೆಸರನ್ನೇ ಸ್ಪೇನಿನವರು "ಗುವಾಯಾಬ" ಎಂದು ಹಿಡಿದುಕೊಂಡರು. ಇಂಗ್ಲಿಷಿನ ಗ್ವಾವಾ ಬಂದದ್ದು ಅಲ್ಲಿಂದ. ನಮ್ಮ ಕಡಲತೀರಕ್ಕೆ ಈ ಹಣ್ಣನ್ನು ತಲುಪಿಸಿದವರು ಪೋರ್ಚುಗೀಸರು.

ಇದರಲ್ಲೊಂದು ವಿಪರ್ಯಾಸವಿದೆ. 1498ರ ಅಕ್ಟೋಬರಿನಲ್ಲಿ ವಾಸ್ಕೋ ಡ ಗಾಮಾನ ಹಡಗುಗಳು ಕಾರವಾರಕ್ಕೆ ಸಮೀಪದ ಅಂಜದೀವ್ ದ್ವೀಪದಿಂದ ತಮ್ಮೂರಿನತ್ತ ಹೊರಟವು. ಬರುವಾಗ ಆಫ್ರಿಕದ ಮಲಿಂದಿಯಿಂದ ಕಲ್ಲಿಕೋಟೆಗೆ ಮೂರು ವಾರ ಚಿಲ್ಲರೆಯಲ್ಲಿ ತಲುಪಿದ್ದವರಿಗೆ ಹೋಗುವಾಗ ಗಾಳಿ ಕೈಕೊಟ್ಟಿತು. ಅರಬ್ಬೀ ಸಮುದ್ರ ದಾಟಲು ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳಲ್ಲಿ ನಾವಿಕರ ವಸಡು ಊದಿ ಹಲ್ಲಿನ ಮೇಲೆ ಬೆಳೆಯಿತು, ಕಾಲು ಬಾತುಕೊಂಡಿತು, ಸುಮಾರು 30 ಜನ ಸತ್ತರು. ಒಂದೊಂದು ಹಡಗಿನಲ್ಲಿ ಕೆಲಸ ಮಾಡುವ ಶಕ್ತಿ ಉಳಿದಿದ್ದದ್ದು ಏಳೆಂಟು ಮಂದಿಗೆ. ಮಲಿಂದಿ ಮುಟ್ಟಿದ ಮೇಲೆ ರೋಗಿಗಳು ಹಂಬಲಿಸಿದ್ದು ಕಿತ್ತಳೆಗಾಗಿ. ಆ ಕಾಯಿಲೆ ಸ್ಕರ್ವಿ, ಅಂದರೆ ವಿಟಮಿನ್ ಸಿ ಇಲ್ಲದೆ ದೇಹ ಒಳಗಿಂದಲೇ ಬಿಚ್ಚಿಕೊಳ್ಳುವುದು. ಯಾವುದರ ಕೊರತೆಯಿಂದ ನಮ್ಮ ಕಡಲಿನಲ್ಲಿ ಆ ಜನ ಸತ್ತರೋ, ಅದೇ ಸತ್ವ ತುಂಬಿದ ಹಣ್ಣನ್ನು ಅವರ ಮುಂದಿನ ತಲೆಮಾರುಗಳು ಇದೇ ತೀರಕ್ಕೆ ತಂದು ಇಳಿಸಿದವು.

ತಂದವರ ಗುರುತು ಹೆಸರಿನಲ್ಲಿ ಉಳಿದಿದೆ. ಮೈಸೂರು, ಬೆಂಗಳೂರಿನ ಕಡೆ ಸೀಬೆ, ಚೇಪೆ ಎನ್ನುವುದನ್ನು ಕರಾವಳಿ, ಮಲೆನಾಡು, ಧಾರವಾಡದ ಕಡೆಯವರು ಪೇರಲೆ, ಪೇರಲ ಎನ್ನುತ್ತಾರೆ. ಕೊಂಕಣಿ, ಮರಾಠಿ, ಮಲಯಾಳಗಳಲ್ಲೂ "ಪೇರ" ಎಂಬ ಬೇರು ಇದೆ. ಪೋರ್ಚುಗೀಸಿನಲ್ಲಿ ಪೇರಾ ಎಂದರೆ ಯುರೋಪಿನ ಪೇರ್ ಹಣ್ಣು. ಹಿಂದಿಯ ಅಮರೂದ್ ಪಾರ್ಸಿಯಿಂದ ಬಂದದ್ದು, ಅಲ್ಲೂ ಅದರ ಅರ್ಥ ಪೇರ್ ಹಣ್ಣೇ. ಗಿಡಗಳಿಗೆ ಲ್ಯಾಟಿನ್ ಹೆಸರಿಟ್ಟ ಲಿನೇಯಸ್ 1762ರಲ್ಲಿ ಸೀಬೆಯಲ್ಲಿ ಎರಡು ಬಗೆ ಗುರುತಿಸಿದ. ಒಂದಕ್ಕೆ "ಸೇಬು ಬಿಡುವುದು", ಇನ್ನೊಂದಕ್ಕೆ "ಪೇರ್ ಬಿಡುವುದು" ಎಂಬರ್ಥದ ಹೆಸರಿಟ್ಟ. ಪಾಪ, ಈ ಹಣ್ಣನ್ನು ಕಂಡವರೆಲ್ಲ ಇನ್ನೊಂದು ಹಣ್ಣಿನ ಹೆಸರಿನಿಂದಲೇ ಕರೆದರು. ಪೇರ್ ಹೋಲಿಕೆಗೆ ಮಾತ್ರ ನಾಲಿಗೆಯ ಸಾಕ್ಷಿಯೂ ಇದೆ. ಎರಡನ್ನೂ ಅಗಿಯುವಾಗ ಮರಳು ಸಿಕ್ಕಂತಾಗುತ್ತದಲ್ಲ, ಅದು ಕಲ್ಲುಕೋಶಗಳೆಂದು ಕರೆಯುವ ಗಟ್ಟಿ ಗೋಡೆಯ ಜೀವಕೋಶಗಳ ಕೆಲಸ.

ಹುಡುಗರು, ಕೋತಿಗಳು, ಬಾವಲಿಗಳು

ಸೀಬೆ ಮರವಿದ್ದ ಮನೆಯವರಿಗೆ ಅದರ ಕಳ್ಳರು ಯಾರೆಂದು ಗೊತ್ತು. ಹಗಲು ಕೇರಿಯ ಹುಡುಗರು, ಮಧ್ಯಾಹ್ನ ಕೋತಿಗಳು, ರಾತ್ರಿ ಬಾವಲಿಗಳು. ಈ ಮೂವರಲ್ಲೂ ಒಂದು ದೇಹದ ಕೊರತೆ ಸಮಾನ. ಹಸು, ಆಡು, ನಾಯಿ, ಬೆಕ್ಕುಗಳು ತಮಗೆ ಬೇಕಾದ ವಿಟಮಿನ್ ಸಿಯನ್ನು ಗ್ಲೂಕೋಸಿನಿಂದ ತಮ್ಮ ಪಿತ್ತಜನಕಾಂಗದಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯ, ಮಂಗ, ಗಿನಿ ಇಲಿ ಮತ್ತು ಬಾವಲಿಗಳ ಹಲವು ಜಾತಿಗಳಿಗೆ ಅದು ಸಾಧ್ಯವಿಲ್ಲ. ತಯಾರಿಕೆಯ ಕೊನೆಯ ಹಂತಕ್ಕೆ ಬೇಕಾದ ಕಿಣ್ವದ ವಂಶವಾಹಿ ನಮ್ಮಲ್ಲಿ ಯುಗಗಳ ಹಿಂದೆಯೇ ಕೆಟ್ಟುಹೋಗಿದೆ. ಹಣ್ಣು, ಎಲೆ ಸಮೃದ್ಧವಾಗಿ ಸಿಗುವ ಕಾಡಿನಲ್ಲಿ ಬದುಕಿದ್ದ ಪೂರ್ವಜರಿಗೆ ಆ ನಷ್ಟ ತಟ್ಟಲೇ ಇಲ್ಲ. ಹಡಗು ಹತ್ತಿ ಒಣ ರೊಟ್ಟಿ, ಉಪ್ಪು ಮಾಂಸ ತಿನ್ನತೊಡಗಿದಾಗ ತಟ್ಟಿತು.

1747ರಲ್ಲಿ ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ ಸ್ಕರ್ವಿ ಹಿಡಿದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟು ನೋಡಿದ. ಕಿತ್ತಳೆ, ನಿಂಬೆ ತಿಂದ ಇಬ್ಬರು ವಾರದೊಳಗೆ ಎದ್ದು ಓಡಾಡಿದರು. ಹಣ್ಣಿನೊಳಗಿನ ಆ ವಸ್ತು ಯಾವುದೆಂದು ತಿಳಿಯಲು ಮತ್ತೆ ಸುಮಾರು ಇನ್ನೂರು ವರ್ಷ ಬೇಕಾಯಿತು. ಹಂಗೆರಿಯ ಆಲ್ಬರ್ಟ್ ಸೆಂಟ್ ಗ್ಯೋರ್ಗಿ 1928ರಲ್ಲಿ ಅದನ್ನು ಬೇರ್ಪಡಿಸಿದರು. ಆಮೇಲೆ ತಮ್ಮೂರಿನ ಕೆಂಪು ದೊಣ್ಣೆಮೆಣಸಿನಿಂದ ರಾಶಿಗಟ್ಟಲೆ ತೆಗೆದರು. 1937ರಲ್ಲಿ ಅವರಿಗೆ ನೊಬೆಲ್ ಬಂತು. ಸ್ಕರ್ವಿಯನ್ನು ತಡೆಯುವುದರಿಂದ ಆ ವಸ್ತುವಿಗೆ ಆಸ್ಕಾರ್ಬಿಕ್ ಆಮ್ಲ ಎಂಬ ಹೆಸರಾಯಿತು.

ದೇಹದಲ್ಲಿ ಅದರ ಮುಖ್ಯ ಕೆಲಸ ಗಾರೆಯವನ ಕೆಲಸ. ಚರ್ಮ, ವಸಡು, ಮೂಳೆ, ರಕ್ತನಾಳಗಳನ್ನು ಹಿಡಿದಿಡುವ ಕೊಲಾಜೆನ್ ಎಂಬ ನಾರು ಹುರಿಗೊಳ್ಳಬೇಕಾದರೆ ವಿಟಮಿನ್ ಸಿ ಇರಲೇಬೇಕು. ಅದು ಇಲ್ಲದಿದ್ದರೆ ಹೊಸ ಗಾಯ ಮಾಯುವುದಿಲ್ಲ, ಸ್ಕರ್ವಿ ಉಲ್ಬಣಿಸಿದಾಗ ವರ್ಷಗಳ ಹಿಂದೆ ಮಾಗಿದ ಗಾಯವೂ ಮತ್ತೆ ಬಾಯಿ ಬಿಡುತ್ತದೆ. ಶಸ್ತ್ರಚಿಕಿತ್ಸೆಯಾಗಿ ಮಲಗಿದವರ ಮೇಜಿನ ಮೇಲೆ ಸೇಬಿನ ಬದಲು ಸೀಬೆ ಇದ್ದರೆ ತಪ್ಪೇನು ಎಂದು ನಾನು ಕೇಳುವುದು ಇದಕ್ಕೇ.

ಮುದ್ದೆಯೊಳಗೆ ಸಿಕ್ಕಿಬಿದ್ದ ಕಬ್ಬಿಣ

ಇಷ್ಟಾದರೂ ಇಂದಿನ ಕರ್ನಾಟಕದಲ್ಲಿ ಸ್ಕರ್ವಿ ಅಪರೂಪ. ನಮ್ಮನ್ನು ಕಾಡುತ್ತಿರುವುದು ಅತ್ತೆಯ ಕಾಯಿಲೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ನಮ್ಮ ರಾಜ್ಯದಲ್ಲಿ ಅದು ನೂರಕ್ಕೆ ಸುಮಾರು 48. ಐದು ವರ್ಷದೊಳಗಿನ ಮಕ್ಕಳಲ್ಲಂತೂ ಮೂವರಲ್ಲಿ ಇಬ್ಬರಿಗೆ ಇದೆ. ರಾಗಿ, ಸೊಪ್ಪು, ಕಾಳು ತಿನ್ನುವ ನಾಡಿನಲ್ಲಿ ಯಾಕೆ ಹೀಗೆ? ರಾಗಿಯಲ್ಲಿ ಕಬ್ಬಿಣ ಇದೆ. ದಂಟು, ಹರಿವೆ, ನುಗ್ಗೆ ಸೊಪ್ಪಿನಲ್ಲಿದೆ. ಹುರುಳಿ, ಅಲಸಂದೆಯಲ್ಲಿದೆ.

ತಟ್ಟೆಯಲ್ಲಿ ಇರುವುದೆಲ್ಲ ಮೈಗೆ ದಕ್ಕುವುದಿಲ್ಲ, ತೊಡಕು ಇರುವುದು ಇಲ್ಲಿ. ಮಾಂಸದ ಕಬ್ಬಿಣದಷ್ಟು ಸಲೀಸಾಗಿ ಸಸ್ಯದ ಕಬ್ಬಿಣವನ್ನು ಕರುಳು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಜೊತೆಗೆ ಧಾನ್ಯ, ಕಾಳುಗಳಲ್ಲಿರುವ ಫೈಟೇಟ್, ರಾಗಿ ಮತ್ತು ಕಾಫಿ ಟೀಗಳ ಒಗರು ಪದಾರ್ಥ, ಇವು ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದುಕೊಂಡು ಹಾಗೇ ಹೊರಗೆ ಸಾಗಿಸುತ್ತವೆ. ನಮ್ಮ ಹಿರಿಯರಿಗೆ ಫೈಟೇಟ್ ಎಂಬ ಹೆಸರು ಗೊತ್ತಿರಲಿಲ್ಲ. ಆದರೂ ಕೂಸಿನ ರಾಗಿ ಸರಿಗೆ ರಾಗಿಯನ್ನು ನೆನೆಹಾಕಿ ಮೊಳಕೆ ಕಟ್ಟಿ ಒಣಗಿಸಿ ಬೀಸುತ್ತಿದ್ದರು, ಹೆಸರುಬೇಳೆ ಕೋಸಂಬರಿಗೆ ನಿಂಬೆ ಹಿಂಡುತ್ತಿದ್ದರು. ಮೊಳಕೆ ಕಟ್ಟಿದರೆ ಫೈಟೇಟಿನ ಹಿಡಿತ ಸಡಿಲುತ್ತದೆ. ನಿಂಬೆಯ ವಿಟಮಿನ್ ಸಿ ಕಬ್ಬಿಣವನ್ನು ಕರುಳು ಹೀರಬಲ್ಲ ರೂಪಕ್ಕೆ ತಿರುಗಿಸಿ, ಫೈಟೇಟಿನ ಕೈಗೆ ಸಿಗದಂತೆ ಕಾಯುತ್ತದೆ.

ನಿಂಬೆಯ ಹತ್ತು ಹನಿ ಮಾಡುವ ಕೆಲಸವನ್ನು ಸೀಬೆಯ ಎರಡು ಹೋಳು ಇನ್ನಷ್ಟು ಜೋರಾಗಿ ಮಾಡುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಇದನ್ನು ಹದಿಹರೆಯದ ಮಕ್ಕಳಲ್ಲಿ ಅಳೆದು ನೋಡಿ 2013ರಲ್ಲಿ ಪ್ರಕಟಿಸಿದರು. ಅನ್ನದ ಊಟವನ್ನು ಹಾಗೇ ಕೊಟ್ಟಾಗ ಹೀರಿಕೊಂಡಷ್ಟು ಕಬ್ಬಿಣಕ್ಕೆ ಹೋಲಿಸಿದರೆ, ಅದೇ ಊಟದ ಜೊತೆ ಸೀಬೆ ಕೊಟ್ಟಾಗ ಹೀರಿಕೆ ದುಪ್ಪಟ್ಟನ್ನೂ ಮೀರಿತು. ಊಟಕ್ಕೆ ಹೊಸದಾಗಿ ಕಬ್ಬಿಣ ಸುರಿದಿರಲಿಲ್ಲ, ಅಲ್ಲೇ ಇದ್ದದ್ದಕ್ಕೆ ಬಾಗಿಲು ತೆರೆಯಿತು, ಅಷ್ಟೇ.

ಇಲ್ಲಿ ಎರಡು ಮಾತು ಸೇರಿಸಬೇಕು. ಒಂದು ಊಟದಲ್ಲಿ ಅಳೆದಾಗ ಕಾಣುವ ಲಾಭ ತಿಂಗಳುಗಟ್ಟಲೆಯ ನಾನಾ ಬಗೆಯ ಊಟದ ಲೆಕ್ಕದಲ್ಲಿ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಮತ್ತೆ, ರಕ್ತಹೀನತೆ ಎಂದು ಗೊತ್ತಾದವರು ವೈದ್ಯರು ಬರೆದುಕೊಟ್ಟ ಕಬ್ಬಿಣದ ಮಾತ್ರೆ ಬಿಟ್ಟು ಸೀಬೆಗೆ ಜೋತುಬಿದ್ದರೆ ಕೆಟ್ಟರು. ಜಂತುಹುಳು, ಅತಿಯಾದ ಮುಟ್ಟಿನ ಸ್ರಾವ, ಬಿ12 ಕೊರತೆ ಹೀಗೆ ರಕ್ತಹೀನತೆಗೆ ಕಾರಣ ಹಲವು. ಸೀಬೆ ಮದ್ದಲ್ಲ, ಊಟದ ಜೊತೆಗಾರ. ಹಾಗೆಂದೇ ಅದು ಸಂಜೆ ನಾಲ್ಕಕ್ಕೆ ಬರಿ ಹೊಟ್ಟೆಯ ತಿಂಡಿಯಾಗುವುದಕ್ಕಿಂತ ಮಧ್ಯಾಹ್ನದ ತಟ್ಟೆಯ ಅಂಚಿನಲ್ಲಿ ಮುದ್ದೆ, ಸೊಪ್ಪಿನ ಸಾರಿನ ಪಕ್ಕ ಇದ್ದರೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಊಟ ಮುಗಿದ ಕೂಡಲೇ ಲೋಟ ಎತ್ತುವ ಕಾಫಿ ಟೀ ಪ್ರಿಯರು ಒಂದು ಗಂಟೆ ತಡೆದರೆ ಆ ಕೆಲಸ ಹಾಳಾಗುವುದಿಲ್ಲ.

ನಮ್ಮ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಾರೆ. ಸುಗ್ಗಿಯಲ್ಲಿ ಸೀಬೆ ಅಗ್ಗವಾಗಿ ಸಿಗುವ ಊರುಗಳಲ್ಲಿ ಅದರ ಒಂದೊಂದು ಹೋಳು ಎಲ್ಲ ಮಕ್ಕಳ ತಟ್ಟೆಗೂ ಬಿದ್ದರೆ ಅನ್ನ ಸಾರಿನ ಕಬ್ಬಿಣಕ್ಕೆ ಬೆಲೆ ಬರುತ್ತದೆ. ಶಾಲೆಯ ಅಂಗಳದಲ್ಲಿ ನಾಲ್ಕು ಗಿಡ ನೆಟ್ಟರೆ ಅಷ್ಟೂ ಖರ್ಚಿಲ್ಲ. ಕಸಿ ಗಿಡ ಎರಡು ಮೂರು ವರ್ಷಕ್ಕೇ ಕಾಯಿ ಬಿಡುತ್ತದೆ.

ಕೆಮ್ಮಿನ ಅಪವಾದ

"ಚಳೀಲಿ ಸೀಬೆನಾ?" ಎಂಬ ಗದರಿಕೆ ನಮ್ಮ ಎಲ್ಲ ಮನೆಗಳಲ್ಲೂ ಕೇಳಿಬಂದಿದೆ. ಪಾಪದ ಹಣ್ಣಿನ ಮೇಲೆ ಈ ಅಪವಾದ ಯಾಕೆ ಬಂತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಸೀಬೆ ಚೆನ್ನಾಗಿ ಬರುವುದು ಕಾರ್ತೀಕದಿಂದ ಸಂಕ್ರಾಂತಿಯ ಆಚೀಚೆಗೆ. ನೆಗಡಿ, ಕೆಮ್ಮು ಹಬ್ಬುವುದೂ ಆಗಲೇ. ಒಂದೇ ಸಂತೆಗೆ ಬಂದ ಇಬ್ಬರನ್ನು ನೆಂಟರೆಂದುಕೊಂಡ ಹಾಗಾಯಿತು. ನೆಗಡಿ ತರುವುದು ವೈರಸ್. ಸೀಬೆ ಅದನ್ನು ಹೊತ್ತು ತರುವುದಿಲ್ಲ. ಅರೆಬಲಿತ ಕಾಯಿಯ ಒಗರು, ಅದರ ಮೇಲೆ ಉದುರಿಸಿದ ಖಾರದ ಪುಡಿ ಮೊದಲೇ ಕೆರೆಯುತ್ತಿರುವ ಗಂಟಲನ್ನು ಇನ್ನಷ್ಟು ಕೆರಳಿಸಬಹುದು, ಅಷ್ಟರಮಟ್ಟಿಗೆ ಅಜ್ಜಿಯರ ಮಾತಿಗೆ ಮರ್ಯಾದೆ ಕೊಡೋಣ.

ತಮಾಷೆಯೆಂದರೆ, ನಾವು ನೆಗಡಿ ತರುತ್ತದೆಂದು ದೂರವಿಟ್ಟ ಸತ್ವವನ್ನೇ ಲೋಕ ನೆಗಡಿಗೆ ಮದ್ದೆಂದು ಮಾತ್ರೆ ಮಾಡಿ ಮಾರಿತು. ಎರಡು ನೊಬೆಲ್ ಪಡೆದ ಲೈನಸ್ ಪಾಲಿಂಗ್ 1970ರಲ್ಲಿ ವಿಟಮಿನ್ ಸಿ ಮತ್ತು ನೆಗಡಿಯ ಬಗ್ಗೆ ಪುಸ್ತಕ ಬರೆದ ಮೇಲೆ ಆ ಮಾತ್ರೆಗಳ ವ್ಯಾಪಾರ ಭರಾಟೆಯಿಂದ ನಡೆಯಿತು. ಕೋವಿಡ್ ಕಾಲದಲ್ಲಿ ನಮ್ಮಲ್ಲೂ ಚೀಪುವ ಹಳದಿ ಮಾತ್ರೆಗೆ ಔಷಧಿ ಅಂಗಡಿಗಳಲ್ಲಿ ಸಾಲು ನಿಂತಿತ್ತು. ಹತ್ತಾರು ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗಿದ ವಿಮರ್ಶೆಗಳು ಹೇಳುವುದು ಅದಕ್ಕಿಂತ ಸಪ್ಪೆಯಾದ ಮಾತು. ದಿನವೂ ವಿಟಮಿನ್ ಸಿ ತೆಗೆದುಕೊಂಡರೂ ಸಾಮಾನ್ಯ ಜನರಿಗೆ ನೆಗಡಿ ಬರುವುದು ತಪ್ಪುವುದಿಲ್ಲ. ಬಂದದ್ದು ದೊಡ್ಡವರಲ್ಲಿ ಶೇ. 8ರಷ್ಟು, ಮಕ್ಕಳಲ್ಲಿ ಶೇ. 14ರಷ್ಟು ಬೇಗ ಹೋಗುತ್ತದೆ. ಅಂದರೆ ದೊಡ್ಡವರ ಏಳು ದಿನದ ನೆಗಡಿ ಆರೂವರೆ ದಿನಕ್ಕೆ ಇಳಿಯುತ್ತದೆ.

ಹೆಚ್ಚು ನುಂಗಿದರೆ ಹೆಚ್ಚು ಲಾಭ ಎಂಬುದೂ ಸುಳ್ಳು. ನೀರಿನಲ್ಲಿ ಕರಗುವ ಈ ಸತ್ವವನ್ನು ದೇಹ ಕೂಡಿಡುವುದು ಸ್ವಲ್ಪವೇ, ಮಿಕ್ಕಿದ್ದು ಮೂತ್ರದಲ್ಲಿ ಹೋಗುತ್ತದೆ. ಒಂದು ಗ್ರಾಂನ ಮಾತ್ರೆ ನುಂಗಿದರೆ ಕರುಳು ಅದರ ಅರ್ಧವನ್ನಷ್ಟೇ ಹೀರುತ್ತದೆ. ಅಂಥ ದೊಡ್ಡ ಪ್ರಮಾಣದ ಮಾತ್ರೆಗಳನ್ನು ಬಹುಕಾಲ ನುಂಗುವವರಿಗೆ ಮೂತ್ರಪಿಂಡದ ಕಲ್ಲಿನ ಭಯವೂ ಇದೆ. ಹಣ್ಣಿನಿಂದ ಆ ಮಟ್ಟ ಮುಟ್ಟಬೇಕಾದರೆ ಬುಟ್ಟಿ ಖಾಲಿ ಮಾಡಬೇಕು.

ನಾರು, ಬೀಜ, ಸಕ್ಕರೆ

ವಿಟಮಿನ್ ಸಿಯ ಸದ್ದಿನಲ್ಲಿ ಸೀಬೆಯ ಇನ್ನೊಂದು ಗುಣ ಮರೆಯಾಗಿದೆ. 100 ಗ್ರಾಂ ಹಣ್ಣಿನಲ್ಲಿ 5 ಗ್ರಾಂಗೂ ಹೆಚ್ಚು ನಾರಿನಂಶವಿದೆ, ಸೇಬಿನದಕ್ಕಿಂತ ದುಪ್ಪಟ್ಟು. ಸಕ್ಕರೆ ಇರುವುದು ಸುಮಾರು 9 ಗ್ರಾಂ. ಮಾವು, ಸಪೋಟ, ಬಾಳೆಗಳಿಗೆ ಹೆದರುವ ಸಕ್ಕರೆ ಕಾಯಿಲೆಯವರು ಸಾಧಾರಣ ಗಾತ್ರದ ಒಂದು ಸೀಬೆಯನ್ನು, ಅದೂ ತೀರಾ ಕಳಿತದ್ದಲ್ಲದೆ ದೋರೆಗಾಯಿಯನ್ನು, ಕಚ್ಚಿ ತಿನ್ನಬಹುದು. ನಾರು ಸಕ್ಕರೆಯನ್ನು ರಕ್ತಕ್ಕೆ ನಿಧಾನವಾಗಿ ಬಿಡುತ್ತದೆ. ಅದನ್ನೇ ಜ್ಯೂಸ್ ಮಾಡಿ ಸೋಸಿ, ಸಕ್ಕರೆ ಬೆರೆಸಿ ಕುಡಿದರೆ ಆ ಉಪಕಾರವೆಲ್ಲ ಜರಡಿಯಲ್ಲಿ ಉಳಿಯಿತು. ಜ್ಯಾಮ್, ಜೆಲ್ಲಿಯ ಕಥೆಯೂ ಇಷ್ಟೇ. ಸೀಬೆಯಲ್ಲಿ ಪೆಕ್ಟಿನ್ ಹೇರಳವಾಗಿರುವುದರಿಂದ ಜೆಲ್ಲಿ ಸೊಗಸಾಗಿ ಹೆಪ್ಪುಗಟ್ಟುತ್ತದೆ ನಿಜ. ಕುದಿಯುವ ಹೊತ್ತಿಗೆ ವಿಟಮಿನ್ ಸಿ ಬಹುಪಾಲು ಸುಟ್ಟುಹೋಗಿರುತ್ತದೆ, ಸಕ್ಕರೆ ಬಂದು ಕೂತಿರುತ್ತದೆ.

ಬೀಜದ ಭಯ ಇನ್ನೊಂದು. "ಬೀಜ ನುಂಗಿದರೆ ಅಪೆಂಡಿಕ್ಸಿಗೆ ಹೋಗಿ ಕೂರುತ್ತೆ" ಎಂದು ಹೆದರಿಸಿಕೊಂಡೇ ನಾವೆಲ್ಲ ಬೆಳೆದೆವು. ಹಾಗಾಗುವುದು ತೀರಾ ಅಪರೂಪ. ಸೀಬೆಯ ಬೀಜ ಅರಗುವುದಿಲ್ಲ, ಬಂದ ಹಾದಿಯಲ್ಲಿ ಮುಂದೆ ಹೋಗಿಬಿಡುತ್ತದೆ. ಹಲ್ಲಿನ ಸಂದಿಗೆ ಸಿಕ್ಕಿಕೊಂಡು ಪೀಡಿಸುವುದು ಮಾತ್ರ ಸುಳ್ಳಲ್ಲ. ವಯಸ್ಸಾದವರು ಬೀಜದ ತಿರುಳು ತೆಗೆದು ಸುತ್ತಲಿನ ಗಟ್ಟಿ ಭಾಗ ತಿಂದರೆ ಸತ್ವಕ್ಕೇನೂ ನಷ್ಟವಿಲ್ಲ. ಏಕೆಂದರೆ ವಿಟಮಿನ್ ಸಿ ಹೆಚ್ಚಾಗಿರುವುದು ಸಿಪ್ಪೆ ಮತ್ತು ಅದಕ್ಕೆ ಅಂಟಿದ ಭಾಗದಲ್ಲಿ. ಸಿಪ್ಪೆ ಹೆರೆದು ತಿನ್ನುವ ನಾಜೂಕಿನವರಿಗೇ ನಷ್ಟ.

ಒಳಗೆ ಕೆಂಪಗಿರುವ ಸೀಬೆಗೆ ಆ ಬಣ್ಣ ಕೊಟ್ಟಿರುವುದು ಲೈಕೋಪೀನ್, ಟೊಮೆಟೊವನ್ನು ಕೆಂಪಾಗಿಸುವ ವಸ್ತು. ಕೆಂಪು ಸೀಬೆಯಲ್ಲಿ ಅದು ಹಸಿ ಟೊಮೆಟೊಗಿಂತ ಹೆಚ್ಚು. ದೇಹದ ಜೀವಕೋಶಗಳಿಗೆ ಆಗುವ ಸವೆತವನ್ನು ತಡೆಯುವ ಗುಣ ಅದಕ್ಕಿದೆ ಎನ್ನುವವರೆಗೆ ಸರಿ. ಅದರಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎಂಬ ವಾಟ್ಸಾಪ್ ಸಂದೇಶ ಬಂದರೆ ಅಳಿಸಿಬಿಡಿ. ಸೀಬೆಯ ಚಿಗುರೆಲೆಗೂ ಹಳ್ಳಿಮದ್ದಿನಲ್ಲಿ ಹೆಸರಿದೆ. ಬಾಯಿಹುಣ್ಣಾದರೆ ಜಗಿಯುತ್ತಾರೆ, ಭೇದಿಗೆ ಕಷಾಯ ಮಾಡುತ್ತಾರೆ. ಊಟದ ನಂತರದ ಸಕ್ಕರೆ ಏರಿಕೆಯನ್ನು ತಗ್ಗಿಸಲೆಂದು ಜಪಾನಿನಲ್ಲಿ ಸೀಬೆ ಎಲೆಯ ಚಹಾ ಮಾರುತ್ತಾರೆ. ಮಗುವಿಗೆ ಭೇದಿಯಾದಾಗ ಮಾತ್ರ ಕಷಾಯಕ್ಕಿಂತ ಮೊದಲು ಓಆರ್‌ಎಸ್ ನೀರು ಕುಡಿಸಬೇಕು.

ಆಯುವ ಕಣ್ಣು, ಹೆಚ್ಚುವ ಕೈ

ಮಳೆಗಾಲದ ಸೀಬೆ ಸಪ್ಪೆ, ಒಳಗೆ ಹಣ್ಣುನೊಣದ ಹುಳು ಇರುವ ಸಂಭವವೂ ಹೆಚ್ಚು. ಚಳಿಗಾಲದ ಫಸಲು ಗಟ್ಟಿ, ಸಿಹಿ, ಘಮ್ಮನೆ ಇರುತ್ತದೆ. ಧಾರವಾಡದ ಪಕ್ಕದ ನವಲೂರಿನ ಪೇರಲದ ಬುಟ್ಟಿಗಳು ಆಗ ಆ ಸೀಮೆಯ ರಸ್ತೆ ಬದಿಯಲ್ಲಿ ಕೂರುತ್ತವೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಕೊಟ್ಟ ತಳಿಗಳೂ ನಮ್ಮ ತೋಟಗಳಲ್ಲಿವೆ. ಅರ್ಕಾ ಮೃದುಲದ ಬೀಜ ಮೆತ್ತಗೆ, ಅರ್ಕಾ ಕಿರಣದ ಒಳಗು ಗಾಢ ಕೆಂಪು. ಹಳೆಯ ಅಲಹಾಬಾದ್ ಸಫೇದಾ ಈಗಲೂ ತನ್ನ ಜಾಗ ಬಿಟ್ಟುಕೊಟ್ಟಿಲ್ಲ. ಬಿಳಿ ಬಲೆಯ ಅಂಗಿ ತೊಟ್ಟು ಅಂಗಡಿಯಲ್ಲಿ ಕೂರುವ ದಪ್ಪ ಸೀಬೆಗೆ ದುಪ್ಪಟ್ಟು ಬೆಲೆ ಕೊಟ್ಟರೆ ದುಪ್ಪಟ್ಟು ಸತ್ವ ಸಿಗುತ್ತದೆಂದು ತಿಳಿಯಬೇಡಿ. ಹಸಿರು ತಿಳಿಯಾಗಿ ಹಳದಿಗೆ ತಿರುಗುತ್ತಿರುವ, ಒತ್ತಿದರೆ ತುಸುವೇ ಬಿಟ್ಟುಕೊಡುವ ಹಣ್ಣು ಆರಿಸಿ. ಚೆನ್ನಾಗಿ ತೊಳೆದು, ತಿನ್ನುವ ಹೊತ್ತಿಗೆ ಹೆಚ್ಚಿ. ಬೆಳಿಗ್ಗೆ ಹೆಚ್ಚಿ ಸಂಜೆಯವರೆಗೆ ಇಟ್ಟ ಹೋಳುಗಳಲ್ಲಿ ವಿಟಮಿನ್ ಸಿ ಗಾಳಿಗೆ ಸೋರಿಹೋಗುತ್ತದೆ. ಗಾಡಿಯಲ್ಲಿ ತಿನ್ನುವುದಾದರೆ ಕಣ್ಣೆದುರೇ ಕುಯ್ಯಿಸಿಕೊಳ್ಳಿ. ರಕ್ತದೊತ್ತಡವಿರುವವರು ಖಾರಕ್ಕೆ ಹೂಂ ಎಂದರೂ ಉಪ್ಪಿಗೆ ಬೇಡವೆನ್ನಲಿ.

ಮೂತ್ರಪಿಂಡದ ಕಾಯಿಲೆಯವರು ವೈದ್ಯರನ್ನು ಕೇಳದೆ ತಿನ್ನಬಾರದು. ಸೀಬೆಯಲ್ಲಿ ಬಾಳೆಹಣ್ಣಿಗಿಂತಲೂ ಹೆಚ್ಚು ಪೊಟ್ಯಾಷಿಯಂ ಇದೆ. ಥಲಸ್ಸೀಮಿಯಾದಂಥ, ಮೈಯಲ್ಲಿ ಕಬ್ಬಿಣ ಮಿತಿಮೀರುವ ಕಾಯಿಲೆಗಳಲ್ಲೂ ಅಷ್ಟೇ. ಅಲ್ಲಿ ಸೀಬೆಯ ಗುಣವೇ ದೋಷವಾದೀತು. ಬಲಿಯದ ಕಾಯಿಯನ್ನು ಮಿತಿಯಿಲ್ಲದೆ ತಿಂದರೆ ಯಾರಿಗೇ ಆದರೂ ಹೊಟ್ಟೆ ಕಟ್ಟುತ್ತದೆ, ಉಬ್ಬರಿಸುತ್ತದೆ. "ಗಿಳಿ ಕಚ್ಚಿದ ಹಣ್ಣೇ ಸಿಹಿ" ಎಂಬ ನಮ್ಮ ಬಾಲ್ಯದ ನಂಬಿಕೆಯನ್ನೂ ಇನ್ನು ಬಿಡಬೇಕು. 2018ರಲ್ಲಿ ಕಲ್ಲಿಕೋಟೆಯಲ್ಲಿ ಬಾವಲಿಗಳಿಂದ ಹರಡುವ ನಿಫಾ ಕಾಣಿಸಿಕೊಂಡ ಮೇಲೆ, ಯಾವುದೇ ಪ್ರಾಣಿ ಪಕ್ಷಿ ಕಚ್ಚಿ ಬಿಟ್ಟ ಹಣ್ಣನ್ನು ಮುಟ್ಟಬೇಡಿ ಎಂದು ವೈದ್ಯರು ಎಚ್ಚರಿಸುತ್ತಲೇ ಇದ್ದಾರೆ. ಕಚ್ಚಿದ್ದು ಗಿಳಿಯೋ ಬಾವಲಿಯೋ ಎಂದು ಹಣ್ಣು ಹೇಳುವುದಿಲ್ಲ.

ಮೊನ್ನೆ ಅತ್ತೆಯ ಮನೆಗೆ ಹೋಗಿದ್ದೆ. ಮಾತ್ರೆಗಳ ಕೋರ್ಸು ಮುಗಿದಿದೆ, ಮುಖದಲ್ಲಿ ಕಳೆ ಬಂದಿದೆ. ಕೈಚೀಲದಲ್ಲಿ ಒಂದು ಕಿಲೋ ಸೀಬೆ ಒಯ್ದಿದ್ದೆ. ಊಟಕ್ಕೆ ಕೂತಾಗ ಮುದ್ದೆ, ಬಸ್ಸಾರು, ಪಲ್ಯ ಬಡಿಸಿ, ಪ್ರತಿ ತಟ್ಟೆಯ ಅಂಚಿಗೂ ಎರಡೆರಡು ಹೋಳು ಇಟ್ಟದ್ದು ಅವತ್ತು ಚಳಿ ಎಂದು ಗದರಿದ ಮಗಳೇ. ಕೈ ತೊಳೆದು ಬಂದು ಅಭ್ಯಾಸಬಲದಿಂದ ಅಡುಗೆಮನೆಯತ್ತ ನೋಡಿದೆ. ಅತ್ತೆ ನಕ್ಕರು.

"ಕಾಫಿಗಾ? ಇನ್ನೂ ಒಂದು ಗಂಟೆ ಇದೆ ಕಣೋ. ಕೂತ್ಕೋ, ಇನ್ನೊಂದು ಸೀಬೆ ಹೆಚ್ಚಿಕೊಡ್ತೀನಿ."